ಗುಜರಿಗೆ ಹೋದ ಗೋದಲಿ

ನಳಿನಾಕ್ಷಿಗೆ ಮನೆ ಚೊಕ್ಕ ಮಾಡುವ ಹುಚ್ಚು ಹತ್ತುವುದು ವರ್ಷಕ್ಕೊಮ್ಮೆ, ದೀಪಾವಳಿಗೆ ಇನ್ನು ನಾಲ್ಕೇ ದಿನ ಎನ್ನುವಾಗ. ಹತ್ತಿತೆಂದರೆ ಮುಗಿಯಿತು. ಕಾವೂರಿನ ಆ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಒಂದು ವರ್ಷದಿಂದ ಕೂತಲ್ಲೇ ಕೂತ ಯಾವ ವಸ್ತುವಿಗೂ ಉಳಿಗಾಲವಿಲ್ಲ. ಗಂಡ ಜಯನೋ, ಇಪ್ಪತ್ತೆಂಟು ವರ್ಷ ದೋಹಾದಲ್ಲಿ ಸ್ಟೋರ್‌ಕೀಪರ್ ಆಗಿದ್ದು ಬಂದವನು. ತುಕ್ಕು ಹಿಡಿದ ಸ್ಕ್ರೂವಿಗೂ ಎಣ್ಣೆ ಹಚ್ಚಿ ಎತ್ತಿಡುವ ಪೈಕಿ. ಆ ನಾಲ್ಕು ದಿನ ಅವನು ಸ್ನಾನಕ್ಕೆ ಹೋಗುವುದಕ್ಕೂ ಹೆದರುತ್ತಾನೆ.

ಈ ಸಲ ಅವನು ಹೆದರುತ್ತಲೇ ಸ್ನಾನಕ್ಕೆ ಹೋದ. ಅದೇ ಹೊತ್ತಿಗೆ ಗುಜರಿಯ ಮೊಯ್ದೀನಬ್ಬ ತನ್ನ ಟೆಂಪೋ ತಂದು ಕೆಳಗೆ ನಿಲ್ಲಿಸಿದ. ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳು ಸಾಲಾಗಿ ಮೆಟ್ಟಿಲಿಳಿದವು. ಮಿಕ್ಸಿಯದ್ದು, ಟೀವಿಯದ್ದು, ಯಾವುದರದ್ದೆಂದು ಯಾರಿಗೂ ನೆನಪಿಲ್ಲದ್ದು. ಮೂಲೆಯ ಒಂದು ಪೆಟ್ಟಿಗೆಯನ್ನು ಎತ್ತಿದಾಗ ಮೊಯ್ದೀನಬ್ಬ, "ಇದು ಭಾರ ಉಂಟಲ್ಲ ಅಕ್ಕ, ಒಳಗೆ ಎಂತ?" ಎಂದು ಕೇಳಿದ ಕೂಡ.

"ನಮ್ಮವರ ನಟ್ಟು ಬೋಲ್ಟು. ಅವರು ಹೊರಗೆ ಬರುವ ಮೊದಲು ಕೊಂಡುಹೋಗಿ ಮಾರಾಯ್ರೆ" ಎಂದಳು ನಳಿನಾಕ್ಷಿ.

ಅದು ನಟ್ಟು ಬೋಲ್ಟು ಆಗಿರಲಿಲ್ಲ. ಅದು ಜಯನ ಪೆಟ್ಟಿಗೆಯೇ ಆಗಿರಲಿಲ್ಲ. ಈ ವಿಷಯ ಅವಳಿಗೆ ಗೊತ್ತಾದದ್ದು ತಿಂಗಳು ಕಳೆದ ಮೇಲೆ, ನವೆಂಬರಿನ ಕೊನೆಯ ಭಾನುವಾರ, ಬಹ್ರೈನಿನಿಂದ ಹೆಲನ್ ಬಾಯಿಯ ಫೋನ್ ಬಂದಾಗ.

ಹೆಲನ್ ಬಾಯಿ ಅದೇ ಕಟ್ಟಡದ ಮೂರನೇ ಮಹಡಿಯವರು, ಟೀಚರಾಗಿದ್ದು ನಿವೃತ್ತರಾದವರು. ಮಗಳು ಏವ್ರಿಲ್‌ಳ ಬಾಣಂತನಕ್ಕೆಂದು ಜೂನ್ ತಿಂಗಳಲ್ಲಿ ವಿಮಾನ ಹತ್ತಿದ್ದರು. ಈಗ ಅವರ ದನಿಯಲ್ಲೇ ಪೆಟ್ಟಿಗೆ ಕಟ್ಟುವ ಸಂಭ್ರಮ ಕೇಳುತ್ತಿತ್ತು.

"ನಾವು ಇಪ್ಪತ್ತನಾಲ್ಕಕ್ಕೆ ಬರ್ತೇವೆ ನಳಿನಾಕ್ಷಿ. ಏವ್ರಿಲ್, ಮಗು ಎಲ್ಲ. ಮಗುವಿನ ಮೊದಲ ಕ್ರಿಸ್ಮಸ್ ನಮ್ಮ ಮನೆಯಲ್ಲೇ ಆಗ್ಬೇಕು ಅಂತ ನನ್ನ ಹಟ. ನೀನು ಒಂದು ಕೆಲಸ ಮಾಡ್ಬೇಕು."

"ಒಂದು ಯಾಕೆ ಬಾಯಿ, ಹತ್ತು ಹೇಳಿ."

"ನಿನ್ನ ಅಟ್ಟದಲ್ಲಿ ನನ್ನ ಪೆಟ್ಟಿಗೆ ಉಂಟಲ್ಲ, ಅದನ್ನು ಇಳಿಸು. ನಕ್ಷತ್ರವನ್ನು ನಮ್ಮ ಬಾಲ್ಕನಿಗೆ ಕಟ್ಟಿಸು. ಗೋದಲಿಯ ಗೊಂಬೆಗಳನ್ನು ಒರೆಸಿ ಇಡು, ಅದರ ಸುತ್ತ ಹಸಿರಿಗೆ ಸ್ವಲ್ಪ ಭತ್ತ ಮೊಳಕೆ ಬರಿಸು. ಬಾಕಿ ನಾನು ಬಂದು ನೋಡ್ತೇನೆ. ಗೇಟಿನಿಂದ ಇಸಿದೋರ್ ಮಾಡಿದ ನಕ್ಷತ್ರ ಕಾಣದಿದ್ರೆ ನನಗೆ ಮನೆಗೆ ಬಂದ ಹಾಗೇ ಆಗುದಿಲ್ಲ."

"ಉಂಟು ಬಾಯಿ, ಉಂಟು" ಎಂದಳು ನಳಿನಾಕ್ಷಿ. ಹೇಳುವಾಗಲೇ ಅವಳ ಕಣ್ಣು ಅಟ್ಟದ ಕಡೆ ಹೋಗಿತ್ತು. ಅಟ್ಟ ಚೊಕ್ಕವಾಗಿತ್ತು. ಅಷ್ಟು ಚೊಕ್ಕ ಅಟ್ಟವನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಫೋನ್ ಇಟ್ಟು ಅವಳು ನೆಲದ ಮೇಲೆ ಕುಳಿತುಬಿಟ್ಟಳು. ಎಲ್ಲ ನೆನಪಾಯಿತು. ಮೇಲಿನ ಮನೆಯ ಮಾಡು ಮಳೆಗೆ ಸೋರುತ್ತದೆಂದು ಹೆಲನ್ ಬಾಯಿ ಹೊರಡುವ ಹಿಂದಿನ ದಿನ ತಾವೇ ಹೊತ್ತು ತಂದು, "ಜೋಪಾನ" ಎಂದು ಹೇಳಿ ಕೊಟ್ಟ ಪೆಟ್ಟಿಗೆ ಅದು. ಒಳಗಿದ್ದದ್ದು ಬಿದಿರಿನ ನಕ್ಷತ್ರ, ಕಾಗದದ ಗಂಟೆಗಳು, ಮತ್ತು ಯೇಸು ಹುಟ್ಟಿದ ಕೊಟ್ಟಿಗೆಯನ್ನು ತೋರಿಸುವ ಗೋದಲಿಯ ಮಣ್ಣಿನ ಗೊಂಬೆಗಳು: ಜೋಸೆಫ್, ಮರಿಯಮ್ಮ, ಮೂವರು ರಾಜರು, ಕುರಿಗಳು, ಎತ್ತು. ಹೆಲನ್ ಬಾಯಿಯ ಗಂಡ, ಊರವರು ಗೌರವದಿಂದ ಇಸಿದೋರ್ ಪೊರ್ಬುಗಳು ಎನ್ನುತ್ತಿದ್ದವರು, ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಒಂದೊಂದು ಗೊಂಬೆಗೂ ತಾವೇ ಕೂತು ಬಣ್ಣ ಹಚ್ಚಿದ್ದರು. ಅವರು ಹೋಗಿ ಮೂರು ವರ್ಷವಾಗಿತ್ತು. ಜಯ ದೋಹಾದಲ್ಲಿದ್ದಾಗ, ಮಗಳು ಅಕ್ಷಿತಾ ಹುಟ್ಟುವ ದಿನ, ಸುರಿಯುವ ಮಳೆಯಲ್ಲಿ ರಿಕ್ಷಾ ಹಿಡಿದು ತಂದು ನಳಿನಾಕ್ಷಿಯನ್ನು ಆಸ್ಪತ್ರೆಗೆ ಸೇರಿಸಿದವರೂ ಅವರೇ. ಅಂಥವರ ಕೈಯ ಕೆಲಸವನ್ನು ತಾನು ಕಿಲೋ ಲೆಕ್ಕಕ್ಕೆ ತೂಗಿ ಕೊಟ್ಟೆನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮೊಯ್ದೀನಬ್ಬನಿಗೆ ಫೋನ್ ಹೋಯಿತು. "ಅಕ್ಕ, ಅದು ಬೈಕಂಪಾಡಿ ಗೋಡೌನಿಗೆ ಹೋಗಿ, ಬಂಡಲ್ ಆಗಿ, ಲಾರಿ ಹತ್ತಿ ಯಾವ ಕಾಲ ಆಯ್ತು" ಎಂದ ಅವನು. ಮಣ್ಣಿನ ಗೊಂಬೆಗಳೂ ಇದ್ದವು ಎಂದಾಗ, "ಮಣ್ಣಿಗೆ ನಮ್ಮಲ್ಲಿ ರೇಟಿಲ್ಲ. ಬದಿಗೆ ಬಿಸಾಡಿರ್ತಾರೆ. ನಾಳೆ ನೋಡಿ ಹೇಳ್ತೇನೆ" ಎಂದ. ಅವನ ದನಿಯೂ ಸಣ್ಣದಾಗಿತ್ತು.

ಜಯನಿಗೆ ಒಳಗೊಳಗೇ ಖುಷಿಯಾಗಿತ್ತೆಂದು ಹೇಳಿದರೆ ಪಾಪ ಅವನಿಗೆ ಬೇಸರವಾದೀತು, ಆದರೆ ಆಗಿತ್ತು. ಬಿಸಾಡಬೇಡ ಎಂದು ಮೂರು ದಶಕದಿಂದ ಹೇಳುತ್ತಿದ್ದವನಿಗೆ ಇಂಥ ಗೆಲುವು ಮತ್ತೆ ಸಿಗಲಿಕ್ಕಿಲ್ಲ. ಹೆಂಡತಿಯ ಮುಖ ನೋಡಿ ಅದನ್ನು ನುಂಗಿಕೊಂಡ.

"ಫೋನ್ ಮಾಡಿ ಹೇಳಿಬಿಡು ನಳಿನಿ. ನಿಜ ಹೇಳಿದ್ರೆ ಆಯ್ತು."

"ಹೇಳ್ತೇನೆ. ಆದ್ರೆ ಫೋನಿನಲ್ಲಿ ಅಲ್ಲ. ಅವರು ಅಲ್ಲಿ ಅತ್ತರೆ ಇಲ್ಲಿ ನನಗೆ ಕೇಳ್ತದೆ ಅಷ್ಟೆ, ಹತ್ತಿರ ಹೋಗಿ ಕೂರ್ಲಿಕ್ಕೆ ಆಗುದಿಲ್ಲ. ಬಂದ ದಿನ ಎದುರು ನಿಂತು ಹೇಳ್ತೇನೆ, ಎಂತ ಬೇಕಾದ್ರೂ ಬಯ್ಯಲಿ. ಆದ್ರೆ ಆ ಮಗು ಬರುವಾಗ ಮನೆ ಬೋಳು ಇರ್ಬಾರದು. ನಕ್ಷತ್ರವೂ ಬೇಕು, ಗೋದಲಿಯೂ ಬೇಕು."

ಕೊಡಿಯಾಲ್‌ಬೈಲಿನ ಕಾಲೇಜಿಗೆ ಹೋಗುವ ಅಕ್ಷಿತಾ ಮರುದಿನ ಅಂಗಡಿಯೊಂದರಲ್ಲಿ ರೆಡಿಮೇಡ್ ಗೋದಲಿಯ ಬೆಲೆ ಕೇಳಿಕೊಂಡು ಬಂದಳು. ಅವಳು ಹೇಳಿದ ಸಂಖ್ಯೆ ಕೇಳಿ ನಳಿನಾಕ್ಷಿ ಅಡುಗೆಮನೆಗೆ ಹೋಗಿ ಕೂಡಿಟ್ಟ ದುಡ್ಡು ಎಣಿಸಿದಳು. ಸಾಸಿವೆ ಡಬ್ಬಿಯಲ್ಲಿ ಇದ್ದದ್ದು ಆರುನೂರು ರೂಪಾಯಿ. "ಮನೆಯಲ್ಲಿ ಇದ್ದದ್ದರಲ್ಲೇ ಮಾಡುದು" ಎಂದು ಅವಳು ತೀರ್ಪು ಕೊಟ್ಟಳು. ಜಯನ ಕಣ್ಣು ಮಿನುಗಿತು. ಎತ್ತಿಟ್ಟದ್ದೆಲ್ಲ ಹೊರಬರುವ ಕಾಲ ಬಂದಿತ್ತು.

ಮೊದಲ ಕೆಲಸ ನಳಿನಾಕ್ಷಿ ಭಾನುವಾರ ಸಂಜೆಯೇ ಮಾಡಿಯಾಗಿತ್ತು. ಭತ್ತ ನೆನೆಹಾಕುವುದು. ಉಳಿದದ್ದೇನೂ ಬರುವುದಿಲ್ಲವಾದರೂ ಇದೊಂದು ತನಗೆ ಬರುತ್ತದೆ ಎಂಬ ಧೈರ್ಯಕ್ಕಾಗಿ. ತವರಿನಲ್ಲಿ ಅವಳು ಗದ್ದೆಯ ಕೆಸರಿನಲ್ಲೇ ಬೆಳೆದವಳು. ಭತ್ತವನ್ನು ರಾತ್ರಿಯಿಡೀ ನೆನೆಸಿ, ಗೋಣಿಯಲ್ಲಿ ಕಟ್ಟಿ ಬೆಚ್ಚಗಿಟ್ಟು, ಮೊಳಕೆ ಬಂದದ್ದನ್ನು ದೊಡ್ಡ ಹರಿವಾಣದಲ್ಲಿ ಮಣ್ಣು ಹರಡಿ ಬಿತ್ತಿದಳು. ದಿನಾ ಮೀನು ತೊಳೆದ ನೀರು ಹೊಯ್ದಳು. ಬೆಳಗಿನ ಬಿಸಿಲಿಗೆ ಹೊತ್ತುಕೊಂಡು ಹೋಗಿ ಟೆರೇಸಿನಲ್ಲಿಟ್ಟು, ಹನ್ನೊಂದಕ್ಕೆ ಹೊತ್ತುಕೊಂಡು ಬಂದಳು. ಗೋದಲಿಗೆ ಭತ್ತ ಬಿತ್ತುವವರು ಹತ್ತು ದಿನ ಮೊದಲು ಬಿತ್ತುತ್ತಾರೆ, ಬೆರಳುದ್ದ ಹಸಿರಾದರೆ ಸಾಕು. ಇದು ಅವಳಿಗೆ ಗೊತ್ತಿರಲಿಲ್ಲ. ಅವಳು ಇಪ್ಪತ್ತನಾಲ್ಕು ದಿನ ಮೊದಲೇ ಶುರುಮಾಡಿ, ಮಳೆಗಾಲದ ಏಣೇಲು ಬೆಳೆಗೆ ನೇಜಿ, ಅಂದರೆ ನಾಟಿಯ ಸಸಿ, ತಯಾರಿಸುವ ಶ್ರದ್ಧೆಯಿಂದ ಸಾಕತೊಡಗಿದಳು.

ನಕ್ಷತ್ರದ ಹೊಣೆ ಜಯನದ್ದು. ದೀಪಾವಳಿಗೆ ಕಟ್ಟಿದ ಗೂಡುದೀಪ ಇನ್ನೂ ಬಾಲ್ಕನಿಯಲ್ಲಿ ತೂಗುತ್ತಿತ್ತು. ಅದನ್ನು ಬಿಚ್ಚಿ ಬಿದಿರಿನ ಸಲಕೆಗಳನ್ನು ಟೇಪು ಹಿಡಿದು ಅಳೆದ, ಮತ್ತೆ ಅಳೆದ. ಐದು ಮೂಲೆ ಒಂದೇ ಅಳತೆಗೆ ಬರಲು ಮೂರು ದಿನ ಹಿಡಿಯಿತು. ಕೈಗೆ ಮಾತ್ರ ಗೂಡುದೀಪದ ಅಭ್ಯಾಸ. ಅಕ್ಷಿತಾ ಬಂದು ನೋಡುವಾಗ ಐದೂ ಮೂಲೆಗಳಿಂದ ಬಣ್ಣದ ಕಾಗದದ ಬಾಲಗಳು ಇಳಿಬಿದ್ದಿದ್ದವು, ಸುತ್ತ ಝಾಲರಿ ಬೇರೆ.

"ಪಪ್ಪ, ಯಾವ ನಕ್ಷತ್ರಕ್ಕೆ ಬಾಲ ಇರ್ತದೆ?"

"ಬಾಲ ಇಲ್ಲದಿದ್ರೆ ಗಾಳಿಗೆ ತಿರುಗ್ತದೆ. ಇದು ಇಂಜಿನಿಯರಿಂಗ್" ಎಂದ ಜಯ. ಅಕ್ಷಿತಾ ಅವನು ನೋಡದಿರುವಾಗ ಎರಡು ಬಾಲ ಕತ್ತರಿಸಿದಳು. ಅವನು ಅವಳು ಕಾಲೇಜಿಗೆ ಹೋದಾಗ ಮತ್ತೆ ಅಂಟಿಸಿದ. ವಾರವಿಡೀ ನಡೆದ ಈ ಯುದ್ಧದಲ್ಲಿ ಕೊನೆಗೆ ಮೂರು ಬಾಲಗಳಿಗೆ ರಾಜಿಯಾಯಿತು.

ಮನೆಯಲ್ಲಿ ಇದ್ದಕ್ಕಿದ್ದಂತೆ ಎಲ್ಲರಿಗೂ ಒಂದು ಅಮಲು ಏರಿತ್ತು. ಊಟ ಮಾಡಿದ ಕೈ ತೊಳೆಯುವ ಮೊದಲೇ ಅಂಟು ಮುಟ್ಟುವುದು, ಮೀನಿನ ಮಸಾಲೆ ಅರೆಯುತ್ತ ಅರೆಯುತ್ತ ದೇವದೂತರ ರೆಕ್ಕೆಯ ಬಗ್ಗೆ ಯೋಚಿಸುವುದು. ಹತ್ತು ವರ್ಷಗಳಿಂದ ಕೂಡಿಟ್ಟ ಮದುವೆ ಕಾಗದಗಳ ಕಟ್ಟು ಹೊರಬಂತು. ಆ ಗಟ್ಟಿ ಚಿನ್ನದ ಬಣ್ಣದ ಕಾಗದದಲ್ಲಿ ಗಂಟೆಗಳನ್ನೂ ದೇವದೂತರನ್ನೂ ಕತ್ತರಿಸಿದ್ದಾಯಿತು. ಎಷ್ಟು ಜಾಗ್ರತೆ ಮಾಡಿದರೂ ಒಬ್ಬ ದೇವದೂತನ ಎಡರೆಕ್ಕೆಯಲ್ಲಿ 'ಮುಹೂರ್ತ 11.42' ಉಳಿಯಿತು, ಇನ್ನೊಬ್ಬನ ಹೊಟ್ಟೆಯ ಮೇಲೆ 'ಉಡುಗೊರೆ ಬೇಡ' ಎಂದಿತ್ತು. ಗಲ್ಫ್ ಚಾಕೊಲೇಟಿನ ಬಣ್ಣದ ಕಾಗದಗಳನ್ನು ನಳಿನಾಕ್ಷಿ ಉಗುರಿನಿಂದ ಉಜ್ಜಿ ಉಜ್ಜಿ ಒಂದು ಬಿಸ್ಕೆಟ್ ಡಬ್ಬಿ ತುಂಬ ಇಟ್ಟಿದ್ದಳು. ಈ ಒಂದು ವಿಷಯದಲ್ಲಿ ತಾನೂ ಗಂಡನ ಜಾತಿಯೇ ಎಂದು ಅವಳು ಯಾರ ಮುಂದೆಯೂ ಒಪ್ಪಿರಲಿಲ್ಲ. ತೆಂಗಿನ ಗೆರಟೆಗಳಿಗೆ ಅವನ್ನು ಸುತ್ತಿ ತೂಗುಬಿಟ್ಟರೆ ಕೆಂಪು, ಹಸಿರು, ನೀಲಿ ಬುರುಡೆಗಳು.

ಗೊಂಬೆಗಳದ್ದು ದೊಡ್ಡ ತಲೆನೋವು. ಕಪಾಟಿನಲ್ಲಿ ಮದುವೆಗಳಲ್ಲಿ ಸಿಕ್ಕಿದ ರವಿಕೆ ಕಣಗಳ ರಾಶಿಯಿತ್ತು. ಯಾರೂ ಹೊಲಿಸದ, ಇನ್ನೊಬ್ಬರಿಗೆ ದಾಟಿಸಲೆಂದೇ ಇರುವ ರವಿಕೆ ಕಣಗಳು. ಮೂವರು ರಾಜರಿಗೆ ಜರಿಯಂಚಿನ ನಿಲುವಂಗಿಗಳಾದವು. ತೆಂಗಿನ ನಾರು ಜೋಸೆಫನ ಗಡ್ಡವಾಯಿತು. ಮರಿಯಮ್ಮನ ಮುಸುಕಿಗೆ ನೀಲಿ ಬೇಕಿತ್ತು. ಆ ನೀಲಿ ರಾಶಿಯಲ್ಲಿ ಎಲ್ಲೂ ಸಿಗಲಿಲ್ಲ.

ಜಯ ಎದ್ದು ಹೋಗಿ ಕಪಾಟಿನ ತಳದಿಂದ ತನ್ನ ದೋಹಾದ ನೀಲಿ ಯೂನಿಫಾರ್ಮ್ ಶರಟು ತಂದು ಮೇಜಿನ ಮೇಲಿಟ್ಟ. ಇಸ್ತ್ರಿ ಮಾಡಿ ಮಡಚಿಟ್ಟದ್ದು. ಕೆಲಸದ ಕೊನೆಯ ದಿನ ಹಾಕಿದ್ದು.

"ಬೇಡ ಮಾರಾಯ್ರೆ, ಅದು ನಿಮ್ಮದು" ಎಂದಳು ನಳಿನಾಕ್ಷಿ.

"ಕತ್ತರಿಸು. ಇಸಿದೋರ್ ಪೊರ್ಬುಗಳು ನಿನ್ನನ್ನು ಆಸ್ಪತ್ರೆಗೆ ಕೊಂಡುಹೋಗುವಾಗ ನಾನು ಇಂಥದ್ದೇ ಒಂದನ್ನು ಹಾಕ್ಕೊಂಡು ಅಲ್ಲಿ ಪೈಪು ಲೆಕ್ಕ ಮಾಡ್ತಾ ಇದ್ದೆ" ಎಂದ ಜಯ. ಮತ್ತೆ ಶರಟನ್ನು ತಾನೇ ಮಗುಚಿ ಹಾಕಿ, "ಕಿಸೆಯ ಬದಿಯಿಂದ ಕತ್ತರಿಸಬೇಡ, ಹಿಂದಿನಿಂದ ಕತ್ತರಿಸು" ಎಂದ. ನಳಿನಾಕ್ಷಿಗೆ ಅವನ ಮೇಲೆ ಉಕ್ಕಿಬಂದ ಪ್ರೀತಿಯನ್ನು ಅವಳು ಆ ದಿನದ ಮೀನು ಹುರಿಯುವುದರಲ್ಲಿ ತೋರಿಸಿದಳು.

ಕುರಿ ಮಾಡುವುದು ಅಕ್ಷಿತಾಳ ಬುದ್ಧಿ. ಅವಳ ಬಾಲ್ಯದ ಎರಡು ಪ್ಲಾಸ್ಟಿಕ್ ಹುಲಿಗಳಿದ್ದವು, ಒಂದು ವರ್ಷ ದಸರಾದ ಹುಲಿವೇಷ ನೋಡಿ ಬರುವಾಗ ಹಟ ಹಿಡಿದು ಕೊಂಡದ್ದು. ಅವುಗಳಿಗೆ ಮೈದಾ ಅಂಟು ಬಳಿದು ಹತ್ತಿ ಹೊದೆಸಿದಳು. ಬಾಲ ಮುರಿದರೂ ಬಾಯಿ ಮುಚ್ಚಿಸಲಾಗಲಿಲ್ಲ.

"ಎಂತ ಕುರಿ ಇದು, ಕೋರೆಹಲ್ಲು ಉಂಟಲ್ಲ" ಎಂದ ಜಯ.

"ದೂರ ಇಟ್ಟರೆ ಗೊತ್ತಾಗುದಿಲ್ಲ ಪಪ್ಪ. ಕುರಿ ಆಕಳಿಸ್ತಾ ಉಂಟು ಅಂತ ತಿಳ್ಕೊಳ್ಳಿ."

ಹದಿನೆಂಟನೇ ತಾರೀಕು ಮೊಯ್ದೀನಬ್ಬ ಬಂದ. ಗೋಡೌನಿನ ಮೂಲೆಯಲ್ಲಿ ಎರಡು ವಾರ ಕೆದಕಿದರೂ ಚೂರುಗಳೇ ಸಿಕ್ಕಿದ್ದವು. ಇಡಿಯಾಗಿ ಉಳಿದದ್ದು ಒಂದೇ ಒಂದು ಎತ್ತು, ಅದೂ ಒಂದು ಕೊಂಬು ಹೋದದ್ದು. ಅದು ಗೋಡೌನಿನಲ್ಲಿ ಇರಲೂ ಇಲ್ಲ, ಅವನ ಮನೆಯಲ್ಲೇ ಇತ್ತು.

"ನನ್ನ ಹೆಂಡತಿ ಲೈಲಾ ಆ ದಿನವೇ ಎತ್ತಿ ಶೋಕೇಸಿನಲ್ಲಿ ಇಟ್ಟಿದ್ದಾಳೆ ಅಕ್ಕ. ನನಗೆ ನಿನ್ನೆ ಕಣ್ಣಿಗೆ ಬಿತ್ತು. ಹಬ್ಬಕ್ಕೆ ಮಾತ್ರ ಅಂತ ಹೇಳಿ ತಂದದ್ದು, ವಾಪಸ್ ಕೊಡ್ಬೇಕಂತೆ" ಎಂದು ಅವನು ಟವೆಲಿನಲ್ಲಿ ಸುತ್ತಿದ ಎತ್ತನ್ನು ಎರಡೂ ಕೈಯಿಂದ ಕೊಟ್ಟ. ಕಂದು ಬಣ್ಣದ ಮೈ, ಕಪ್ಪು ಕಣ್ಣಿನಲ್ಲಿ ಸಾಸಿವೆಯಷ್ಟು ಬಿಳಿಯ ಚುಕ್ಕಿ. ಆ ಚುಕ್ಕಿಯಿಂದಲೇ ಎತ್ತು ನೋಡುವವರನ್ನು ನೋಡುತ್ತಿತ್ತು. ನಳಿನಾಕ್ಷಿಗೆ ಇಸಿದೋರ್ ಪೊರ್ಬುಗಳೇ ಎದುರು ಬಂದು ಕೂತ ಹಾಗಾಯಿತು.

ಒಂದೇ ಒಂದು ಗೊಂಬೆ ಮಾತ್ರ ಅವಳ ಕೈಗೆ ಬಗ್ಗಲಿಲ್ಲ. ಬಾಲಯೇಸು. ಬಟ್ಟೆಯಲ್ಲಿ ಮಾಡಿದರೆ ದಿಂಬಿನ ಹಾಗೆ, ಹಿಟ್ಟಿನಲ್ಲಿ ಮಾಡಿದರೆ ಮುಖ ಬಿರುಕು ಬಿಟ್ಟು ಮುದುಕನ ಹಾಗೆ. ಏಳು ಸಲ ಮಾಡಿ ಏಳು ಸಲ ಮುರಿದಳು. ಪ್ರತಿ ವರ್ಷ ಕ್ರಿಸ್ಮಸ್ ದಿನ ಹಬ್ಬದ ತಿಂಡಿ ಕುಸ್ವಾರ್ ತಿನ್ನಲು ಮೇಲೆ ಹೋದಾಗ ಹುಲ್ಲಿನ ಮೇಲೆ ಮಲಗಿ ಕೈ ಚಾಚಿದ ಆ ಪುಟ್ಟ ಗೊಂಬೆಯನ್ನು ಅವಳು ನೋಡಿದ್ದಳು. ಆ ನಗು ತನ್ನ ಕೈಯಲ್ಲಿ ಬರುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಉಳಿದ ಎಲ್ಲವನ್ನೂ ಬದಲಿಸಬಹುದಿತ್ತೇನೋ, ಇದನ್ನಲ್ಲ. ಹುಲ್ಲಿನ ತೊಟ್ಟಿಲನ್ನು ಹಾಗೇ ಖಾಲಿ ಬಿಟ್ಟಳು.

ಇಪ್ಪತ್ತನಾಲ್ಕರ ಬೆಳಿಗ್ಗೆ ಮೂವರೂ ಬಾಯಿ ಕೊಟ್ಟುಹೋಗಿದ್ದ ಕೀಲಿಯಿಂದ ಮೇಲಿನ ಮನೆ ತೆರೆದು ಎಲ್ಲ ಜೋಡಿಸಿದರು. ಅಡಿಕೆ ಹಾಳೆಯ ಮಾಡಿನ ಕೊಟ್ಟಿಗೆ, ರಾಜರು, ಆಕಳಿಸುವ ಕುರಿಗಳು, ಒಕ್ಕೊಂಬಿನ ಎತ್ತು. ಕೊನೆಯಲ್ಲಿ ನಳಿನಾಕ್ಷಿ ಹರಿವಾಣ ಹೊತ್ತು ತಂದಳು. ಒಂದು ಮೊಳ ಎತ್ತರದ, ಗಾಢ ಹಸಿರಿನ, ಸೊಕ್ಕಿ ನಿಂತ ನೇಜಿ. ಅದನ್ನು ಮುಂದಿಟ್ಟ ಕೂಡಲೇ ಗೋದಲಿ ಮಾಯವಾಯಿತು. ರಾಜರ ಕಿರೀಟದ ತುದಿ ಮಾತ್ರ ಕಾಣುತ್ತಿತ್ತು.

"ಅಮ್ಮ, ಇದನ್ನು ಕತ್ತರಿಸ್ಬೇಕು" ಎಂದಳು ಅಕ್ಷಿತಾ.

"ನೇಜಿಗೆ ಕತ್ತರಿ ಹಾಕ್ತಾರಾ ಯಾರಾದ್ರೂ? ಇದು ನಾಟಿಗೆ ಬಂದ ನೇಜಿ ಮಾರಾಯ್ತಿ."

ಈ ವಿಷಯದಲ್ಲಿ ಅವಳು ಒಂದಿಂಚೂ ಜಗ್ಗಲಿಲ್ಲ. ಕತ್ತರಿಯನ್ನು ಸೆರಗಿನಲ್ಲಿ ಅಡಗಿಸಿಕೊಂಡಳು. ನಕ್ಷತ್ರ ಕಟ್ಟಲು ಹೋದ ಜಯ ಬಾಲ್ಕನಿಯ ಸ್ಟೂಲು ಹತ್ತಿ ಕೆಳಗೆ ನೋಡಿ ಕಣ್ಣು ಮುಚ್ಚಿಕೊಂಡ. ಅಕ್ಷಿತಾ ಅವನ ಬೆಲ್ಟು ಹಿಡಿದಳು. ಕಣ್ಣು ಮುಚ್ಚಿಕೊಂಡೇ ಅವನು ಗಂಟು ಹಾಕಿದ. ಮೂರು ಬಾಲಗಳ ನಕ್ಷತ್ರ ಗಾಳಿಗೆ ಗಿರಗಿರನೆ ತಿರುಗತೊಡಗಿತು.

ಮಧ್ಯಾಹ್ನ ಮೂರಕ್ಕೆ ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಬಂದು ಗೇಟಿನ ಬಳಿ ನಿಂತಿತು. ಹೆಲನ್ ಬಾಯಿ ಇಳಿದು ಮೊದಲು ಮಾಡಿದ ಕೆಲಸ ತಲೆಯೆತ್ತಿ ನೋಡಿದ್ದು. ನೋಡುತ್ತಲೇ ನಿಂತರು. ಗಿರಗಿರ ತಿರುಗುವ ಬಾಲದ ನಕ್ಷತ್ರ. ಇಸಿದೋರರದ್ದಲ್ಲ ಎಂದು ತಿಳಿಯಲು ಅವರಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

ನಳಿನಾಕ್ಷಿ ಮೆಟ್ಟಿಲಲ್ಲಿ ಕಾಯಲಾರದೆ ಗೇಟಿಗೇ ಓಡಿಬಂದಳು. ಮೂರು ವಾರದಿಂದ ಅಭ್ಯಾಸ ಮಾಡಿಟ್ಟ ಮಾತೆಲ್ಲ ಮರೆತುಹೋಗಿತ್ತು. "ಬಾಯಿ, ನಿಮ್ಮ ಪೆಟ್ಟಿಗೆ ನಾನು ಗುಜರಿಗೆ ಕೊಟ್ಟೆ" ಎಂದುಬಿಟ್ಟಳು. "ನೋಡ್ಲಿಲ್ಲ, ಬಿಚ್ಚಲಿಲ್ಲ, ದೀಪಾವಳಿಯ ಅವಸರದಲ್ಲಿ ಕೊಟ್ಟುಬಿಟ್ಟೆ. ಬಯ್ಯಿರಿ. ಮಾತಾಡದೆ ಮಾತ್ರ ಇರ್ಬೇಡಿ."

ಹೆಲನ್ ಬಾಯಿ ಮಾತಾಡಲಿಲ್ಲ. ಒಂದು ಬ್ಯಾಗು ಎತ್ತಿಕೊಂಡು ಮೆಟ್ಟಿಲು ಹತ್ತತೊಡಗಿದರು. ಹಿಂದೆ ಮಗುವನ್ನೆತ್ತಿಕೊಂಡ ಏವ್ರಿಲ್, ಅವಳ ಹಿಂದೆ ಸೂಟ್‌ಕೇಸು ಹೊತ್ತ ಜಯ ಮತ್ತು ಅಕ್ಷಿತಾ, ಎಲ್ಲರ ಹಿಂದೆ ನಳಿನಾಕ್ಷಿ. ಮೂರು ಮಹಡಿ ಅವಳಿಗೆ ಮೂವತ್ತಾಯಿತು.

ಒಳಗೆ ಹೋಗಿ ಹೆಲನ್ ಬಾಯಿ ಗೋದಲಿಯ ಎದುರಿನ ಕುರ್ಚಿಯಲ್ಲಿ ಕುಳಿತರು. "ಎಲ್ಲ ಹೋಯ್ತಾ?" ಎಂದು ಕೇಳಿದರು, ತುಂಬ ಮೆಲ್ಲಗೆ.

"ಎತ್ತು ಮಾತ್ರ ಸಿಕ್ಕಿತು" ಎಂದು ನಳಿನಾಕ್ಷಿ ನೇಜಿಯೊಳಗೆ ಕೈ ಹಾಕಿ ತಡಕಿ ಅದನ್ನು ತೆಗೆದು ಅವರ ಮಡಿಲಲ್ಲಿಟ್ಟಳು. ಹೆಲನ್ ಬಾಯಿ ಎತ್ತಿನ ಕಣ್ಣಿನ ಬಿಳಿಯ ಚುಕ್ಕಿಯ ಮೇಲೆ ಹೆಬ್ಬೆರಳು ಆಡಿಸಿದರು. ಅವರ ಕಣ್ಣು ತುಂಬಿತು. ನಳಿನಾಕ್ಷಿ ಅವರ ಪಕ್ಕ ನೆಲದ ಮೇಲೆ ಕುಳಿತಳು. ಏನು ಮಾಡಬೇಕೆಂದು ತಿಳಿಯದೆ ಅವರ ಸೀರೆಯ ಅಂಚನ್ನು ಹಿಡಿದುಕೊಂಡಳು. ತನ್ನ ಬಾಳಿನಲ್ಲಿ ಇಷ್ಟು ದೊಡ್ಡ ತಪ್ಪು ತಾನು ಮಾಡಿಲ್ಲ ಎಂದು ಅವಳಿಗೆ ಅನಿಸುತ್ತಿತ್ತು.

ಇಷ್ಟರಲ್ಲಿ ಏವ್ರಿಲ್ ಮಗುವನ್ನು ನೆಲಕ್ಕೆ ಬಿಟ್ಟಿದ್ದಳು. ಆಗಷ್ಟೇ ಹೊಟ್ಟೆಯ ಮೇಲೆ ತೆವಳಲು ಕಲಿತ ಮಗು. ದೊಡ್ಡವರ ದುಃಖದ ಗೊಡವೆ ಅದಕ್ಕೆಲ್ಲಿ? ಅದು ಸೀದಾ ನೇಜಿಯೊಳಗೆ ತೆವಳಿ ಒಂದು ಕುರಿಯನ್ನು ಎಳೆದು ಬಾಯಿಗಿಟ್ಟಿತು. ಏವ್ರಿಲ್ ಓಡಿಬಂದು ಕಸಿದುಕೊಂಡಾಗ ಹತ್ತಿಯೆಲ್ಲ ಮಗುವಿನ ಕೈಯಲ್ಲಿ ಉಳಿಯಿತು. ಏವ್ರಿಲ್‌ಳ ಕೈಯಲ್ಲಿ ಉಳಿದದ್ದು ಬಾಯ್ತೆರೆದ ಹಳದಿ ಹುಲಿ.

ಹೆಲನ್ ಬಾಯಿ ಹುಲಿಯನ್ನು ನೋಡಿದರು. ಆಮೇಲೆ ಇನ್ನೊಂದು ಕುರಿಯ ಕೋರೆಹಲ್ಲು ನೋಡಿದರು. ಎದ್ದು, ಕನ್ನಡಕ ಸರಿಮಾಡಿಕೊಂಡು ಗೋಡೆಯ ದೇವದೂತನ ಬಳಿ ಹೋದರು. "ಮುಹೂರ್ತ ಹನ್ನೊಂದು ನಲವತ್ತೆರಡು" ಎಂದು ಶಾಲೆಯಲ್ಲಿ ಹಾಜರಿ ಕರೆಯುವ ದನಿಯಲ್ಲಿ ಓದಿದರು. ಪಕ್ಕದವನ ಬಳಿ ಸರಿದು, "ಉಡುಗೊರೆ ಬೇಡ" ಎಂದು ಓದಿದರು. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಳಿನಾಕ್ಷಿ ಹೆದರಿ ಎದ್ದಳು. ಅಳುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು, ದನಿ ಹೊರಡದೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಜಯ ನಕ್ಕ, ಏವ್ರಿಲ್ ನಕ್ಕಳು, ನಗುವುದೇಕೆಂದು ತಿಳಿಯದ ಮಗು ಎಲ್ಲರಿಗಿಂತ ಜೋರಾಗಿ ನಕ್ಕಿತು. ನಳಿನಾಕ್ಷಿ ಮಾತ್ರ ನಗುತ್ತ ನಗುತ್ತ ಅತ್ತಳು.

"ಇಸಿದೋರ್ ಇದ್ದಿದ್ರೆ ಈ ಹುಲಿಗೆ ಮೀಸೆ ಬರೆದುಕೊಡ್ತಿದ್ರು" ಎಂದು ಹೆಲನ್ ಬಾಯಿ ಕಣ್ಣೊರೆಸಿಕೊಂಡರು. "ನನಗೆ ಬೇಸರ ಆಗ್ಲಿಲ್ಲ ಅಂತ ಹೇಳುದಿಲ್ಲ ನಳಿನಾಕ್ಷಿ. ಆಗಿದೆ. ಇನ್ನು ಎರಡು ದಿನ ಆಗ್ತಾ ಇರ್ತದೆ. ಆದ್ರೆ ನೀನು ಅಡಗಿಸಲಿಲ್ಲ."

"ಬಾಯಿ, ಇನ್ನೊಂದು ಉಂಟು" ಎಂದಳು ನಳಿನಾಕ್ಷಿ, ತಲೆ ತಗ್ಗಿಸಿ. "ಬಾಲಯೇಸು ಇಲ್ಲ. ಅದನ್ನು ಮಾಡ್ಲಿಕ್ಕೆ ನನ್ನಿಂದ ಆಗ್ಲೇ ಇಲ್ಲ."

ಹೆಲನ್ ಬಾಯಿ ಅವಳನ್ನೇ ನೋಡಿದರು. ಆಮ್ಲೆಟ್ಟಿಗೆ ಉಪ್ಪು ಹಾಕಲು ಮರೆತವಳನ್ನು ನೋಡುವಂತೆ ನೋಡಿದರು. "ಅದು ಪೆಟ್ಟಿಗೆಯಲ್ಲಿ ಎಲ್ಲಿ ಇರ್ತದೆ ಮಾರಾಯ್ತಿ" ಎಂದು ಹೇಳಿ, ಗೋಡೆಯಲ್ಲಿ ದೇವರ ಪಟವಿಟ್ಟ ಆಲ್ತಾರಿನ ಕೆಳಗಿನ ಸಣ್ಣ ಡ್ರಾಯರ್ ಎಳೆದರು. ಒಳಗೆ ಗಂಡಸರ ಬಿಳಿಯ ಕರವಸ್ತ್ರದ ಒಂದು ಗಂಟು. ಬಿಚ್ಚಿದರೆ ಅಂಗೈಯಷ್ಟು ದೊಡ್ಡ ಮಗು, ಕೈ ಚಾಚಿ ನಗುತ್ತಿತ್ತು. "ಇವನು ವರ್ಷವಿಡೀ ಇಲ್ಲೇ ಇರುದು. ಗೋದಲಿ ಕಟ್ಟುವಾಗ ತೊಟ್ಟಿಲು ಖಾಲಿಯೇ ಇರ್ಬೇಕು, ಪೂಜೆ ಮುಗಿಸಿ ಬಂದ ಮೇಲೆ ಇಡುದು. ನೀನು ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಬಂದು ಕಲ್ಕಲ್ ತಿಂದು ಹೋಗ್ತಿ, ರಾತ್ರಿ ಬಂದದ್ದು ಉಂಟಾ?"

ಏಳು ಸಲ ಮಾಡಿ ಮುರಿದದ್ದು ನೆನಪಾಗಿ ನಳಿನಾಕ್ಷಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ಎದೆಯ ಮೇಲಿಂದ ಒಂದು ಅಕ್ಕಿ ಮೂಟೆ ಇಳಿದ ಹಾಗಾಗಿತ್ತು.

ಮಗುವಿದ್ದುದರಿಂದ ಆ ವರ್ಷ ಅವರು ಇಗರ್ಜಿಯ ಸಂಜೆಯ ಬಲಿಪೂಜೆಗೇ ಹೋಗಿ ಬೇಗ ಬಂದರು. ಮನೆಯಲ್ಲಿ ಎಲ್ಲರಿಗಿಂತ ಕಿರಿಯರ ಕೈಯಿಂದ ಬಾಲಯೇಸುವನ್ನು ಇಡಿಸುವುದು ಆ ಮನೆಯ ರೂಢಿ. ಏವ್ರಿಲ್ ಮಗುವಿನ ಕೈ ಹಿಡಿದು ಇಡಿಸಿದಳು. ಇಟ್ಟದ್ದೇ ತಡ, ಬಾಲಯೇಸು ನೇಜಿಯೊಳಗೆ ಮುಳುಗಿ ಕಾಣೆಯಾದ.

"ಕತ್ತರಿ ತಾ" ಎಂದರು ಹೆಲನ್ ಬಾಯಿ.

"ಕತ್ತರಿ ಬೇಡ" ಎಂದಳು ನಳಿನಾಕ್ಷಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋದಲಿಯ ಮುಂದೆ ಬಗ್ಗಿ ನಿಂತು, ಗದ್ದೆಯಲ್ಲಿ ಮಾಡುವ ಹಾಗೆಯೇ ನಡುವಿನ ನೇಜಿಯನ್ನು ಬೇರುಸಹಿತ ಹಿಡಿಹಿಡಿಯಾಗಿ ಕಿತ್ತು, ಮಣ್ಣು ಕೊಡವಿ, ಅದರದ್ದೇ ಎಸಳಿನಿಂದ ಸೂಡಿ ಕಟ್ಟಿದಳು. ನಾಲ್ಕು ಸೂಡಿಯಾಯಿತು. ನಡುವೆ ಒಂದು ಪುಟ್ಟ ಗದ್ದೆಯಷ್ಟು ಜಾಗ ತೆರೆದು, ಅಲ್ಲಿ ಮಲಗಿದ್ದ ಮಗು ಎಲ್ಲರಿಗೂ ಕಂಡಿತು. ಒಂದು ಕಡೆ ಎತ್ತು, ಇನ್ನೊಂದು ಕಡೆ ಹುಲಿ. ಹತ್ತಿ ಮತ್ತೆ ಅಂಟಿಸಲು ಹೆಲನ್ ಬಾಯಿ ಬಿಡಲಿಲ್ಲ.

ಎರಡು ದಿನ ಬಿಟ್ಟು ಲೈಲಾ ಎತ್ತು ಕೊಂಡುಹೋಗಲು ಬಂದಳು. ಗೋದಲಿಯ ಎದುರು ತುಂಬ ಹೊತ್ತು ನಿಂತು, "ಇಲ್ಲೇ ಇರಲಿ, ಇವನಿಗೆ ಇಲ್ಲಿ ಜನ ಉಂಟು" ಎಂದು ಹೇಳಿ, ಒಂದು ಡಬ್ಬಿ ಕುಸ್ವಾರ್ ತೆಗೆದುಕೊಂಡು ಹೋದಳು.

ಜನವರಿಯಲ್ಲಿ, ಮೂವರು ರಾಜರ ಹಬ್ಬ ಮುಗಿದ ಮೇಲೆ, ಹೆಲನ್ ಬಾಯಿ ಮಗಳೊಂದಿಗೆ ಮತ್ತೆ ಬಹ್ರೈನಿಗೆ ಹೊರಟರು. ಹಿಂದಿನ ದಿನ ಸಂಜೆ ನಳಿನಾಕ್ಷಿಯ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ರಟ್ಟಿನ ಪೆಟ್ಟಿಗೆ. ನಾಲ್ಕೂ ಬದಿಗೆ ಕೆಂಪು ಶಾಯಿಯಲ್ಲಿ, ಟೀಚರಮ್ಮನ ದುಂಡಗಿನ ಅಕ್ಷರದಲ್ಲಿ 'ಇದು ಗುಜರಿ ಅಲ್ಲ' ಎಂದು ಬರೆದಿತ್ತು.

"ಬಾಯಿ, ಮತ್ತೆ ನನ್ನಲ್ಲಿಯಾ" ಎಂದಳು ನಳಿನಾಕ್ಷಿ.

"ಮತ್ತೆ ಯಾರಲ್ಲಿ? ನಕ್ಷತ್ರ ಉಂಟು, ರಾಜರು ಉಂಟು, ಹುಲಿ ಉಂಟು. ಬರುವ ವರ್ಷವೂ ಇದೇ ಬೇಕು." ಆಮೇಲೆ ಅವರು ಸೊಂಟದಿಂದ ಬಿಳಿಯ ಕರವಸ್ತ್ರದ ಗಂಟನ್ನು ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಇದನ್ನು ಇಷ್ಟು ವರ್ಷದಲ್ಲಿ ಯಾರ ಕೈಗೂ ಕೊಟ್ಟವಳಲ್ಲ ನಾನು. ಈ ಸಲದ ಮಳೆಗೆ ಆಲ್ತಾರಿನ ಮೇಲೂ ಮಾಡು ಸೋರಿದ ಗುರುತು ಉಂಟು. ನಿನ್ನಲ್ಲೇ ಇರಲಿ."

ಪೆಟ್ಟಿಗೆ ಅಟ್ಟ ಸೇರಿತು. ಕರವಸ್ತ್ರದ ಗಂಟನ್ನು ನಳಿನಾಕ್ಷಿ ದೇವರ ಕೋಣೆಯಲ್ಲಿ, ದೀಪದ ಹಿಂದಿನ ಗೂಡಿನಲ್ಲಿಟ್ಟಳು. ಇಟ್ಟು ಹಿಂದೆ ತಿರುಗುವಾಗ ಕೆಳಗೆ ರಸ್ತೆಯಲ್ಲಿ ಮೊಯ್ದೀನಬ್ಬನ ಟೆಂಪೋದ ಹಾರ್ನ್ ಕೇಳಿಸಿತು. ಅವಳು ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದಳು.